ಮಂಜಿ ಕೊಟ್ಟ ಕಾಯಿ

ಹಟ್ಟಿಕೇರಿಯ ಆಚೆ, ಹೆದ್ದಾರಿಯಿಂದ ಒಳಗೆ ಸರಿದು ಸಾಲಾಗಿ ನಿಂತಿರುವ ನಿರಾಶ್ರಿತರ ಕಾಲೊನಿಯಲ್ಲಿ ಹರೀಶ ಗೌಡನ ಮನೆ ಯಾವುದೆಂದು ಕೇಳಿದರೆ ಯಾರೂ ಒಮ್ಮೆಗೇ ಹೇಳುವುದಿಲ್ಲ. ಅಲ್ಲಿ ಗೌಡರೇ ತುಂಬಿದ್ದಾರೆ, ಹರೀಶರೂ ಮೂವರಿದ್ದಾರೆ. ‘ವಿಮಾನದ ಹರೀಶ’ ಎಂದರೆ ಮಾತ್ರ ಸಣ್ಣ ಮಕ್ಕಳೂ ಕೈ ಮಾಡಿ ತೋರಿಸುತ್ತಾರೆ. ಈ ವಿಮಾನದ ಹರೀಶ ವಿಮಾನ ಹತ್ತುವುದು ಹಾಗಿರಲಿ, ನಲವತ್ತೈದು ವರ್ಷದವರೆಗೆ ನೆಲದ ಮೇಲೆ ನಿಂತ ವಿಮಾನವನ್ನೂ ಕಂಡವನಲ್ಲ. ಅವನು ಫೋನು ಎತ್ತುವವನು. ಆದರೆ ಕಾಲೊನಿ ಒಮ್ಮೆ ಹೆಸರಿಟ್ಟಮೇಲೆ ಮುಗಿಯಿತು, ಅದನ್ನು ತೆಗೆಯಲು ಯಾವ ಕಚೇರಿಯಲ್ಲೂ ಅರ್ಜಿ ಫಾರಂ ಸಿಗುವುದಿಲ್ಲ.

ಅವನ ಅಪ್ಪ ಹೊನ್ನು ಗೌಡನದೂ ಚಿಕ್ಕಪ್ಪನದೂ ಚೆಂಡಿಯಾದಲ್ಲಿ ಜಂಟಿ ಗದ್ದೆ. ನೌಕಾನೆಲೆಗೆಂದು ಸರಕಾರದ ಬೇಲಿ ಬಂತು, ಗದ್ದೆ ಒಳಗಾಯಿತು, ಮನೆಗಳು ಹೊರಗಾದವು. ಹೋದ ಜಮೀನಿಗೆ ಬದಲಾಗಿ ಒಂದು ಖಾತೆಗೆ ಒಂದು ನೌಕರಿ ಎಂದರು. ಖಾತೆ ಒಂದು, ಮನೆ ಎರಡು. ಆಗ ಚಿಕ್ಕಪ್ಪನೇ ಮುಂದೆ ಬಂದು, “ಹರೀಶಗೇ ಕೊಡಿ. ನಮ್ಮ ವೀಣಾ ಇನ್ನೂ ತೊಟ್ಲಲ್ಲಿ ಅದೆ, ಅದ್ಕೆ ಎಂತಾ ನೌಕ್ರಿ?” ಎಂದು ನಕ್ಕು ಹೆಬ್ಬೆಟ್ಟು ಒತ್ತಿದ್ದ. ಆ ಹೆಬ್ಬೆಟ್ಟಿನ ಮೇಲೆ ಹರೀಶ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಉಂಡಿದ್ದಾನೆ. ಚಿಕ್ಕಪ್ಪ ಈಗಿಲ್ಲ. ಅವನ ಹೆಂಡತಿ ಮಂಜಿ ಇದ್ದಾಳೆ, ಹರೀಶನ ಮನೆಯಿಂದ ಮೂರನೆಯ ಮನೆ.

ನೌಕರಿಯೊಂದಿಗೆ ಇನ್ನೊಂದು ಕೆಲಸವೂ ಅವನ ಹೆಗಲಿಗೆ ಬಿತ್ತು. ಊರು ಎದ್ದುಬಂದಾಗ ದೊಡ್ಡ ದೇವರನ್ನೆಲ್ಲ ವಾದ್ಯ ಬಾರಿಸಿ ತಂದರು. ಗದ್ದೆಯ ಅಂಚಿನಲ್ಲಿದ್ದ ಜಟಗನ ಕಲ್ಲನ್ನು ಮಾತ್ರ ತರಲಾಗಲಿಲ್ಲ. ಜಟಗ ಕಾವಲಿನವನು, ಜಾಗ ಬಿಟ್ಟು ಬರುವವನಲ್ಲ ಎಂದು ಹಿರಿಯರು ಹೇಳಿದರು. ಈಗ ಅವನು ಬೇಲಿಯೊಳಗೆ, ಒಂದು ಉಗ್ರಾಣದ ಹಿಂದೆ, ಡೀಸೆಲ್ ಪೀಪಾಯಿಗಳ ಪಕ್ಕದಲ್ಲಿದ್ದಾನೆ. ಕಾಲೊನಿಯವರಲ್ಲಿ ಆ ಉಗ್ರಾಣದವರೆಗೆ ಹೋಗುವ ಪಾಸು ಇರುವುದು ಹರೀಶನೊಬ್ಬನಿಗೆ. ಹಾಗಾಗಿ ಅಮಾವಾಸ್ಯೆ ಬಂತೆಂದರೆ ಮನೆಮನೆಯಿಂದ ಹೂವು, ಕಾಯಿ, ಊದುಬತ್ತಿ ಅವನ ಬೈಕಿನ ಚೀಲ ಸೇರುತ್ತವೆ. ಮಗುವಿಗೆ ಜ್ವರ, ಹಸು ಕಳೆದಿದೆ, ಸೊಸೆ ಮುನಿದಿದ್ದಾಳೆ ಎಂದು ಅವರವರ ಕಷ್ಟವನ್ನೂ ಹೇಳಿ ಕಳಿಸುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಹರೀಶ ಕಲ್ಲಿನ ಮುಂದೆ ನಿಂತು ಒಂದೊಂದನ್ನೇ ಒಪ್ಪಿಸುತ್ತಾನೆ. ಕಾವಲಿನ ಜವಾನರು ಮುಖ ಆಚೆ ತಿರುಗಿಸುತ್ತಾರೆ.

ಕಚೇರಿಯಲ್ಲಿ ಅವನು ಮಾಡುವುದೂ ಹೆಚ್ಚುಕಡಿಮೆ ಇದೇ. ಕಾರವಾರದ ಎದುರಿನ ಸಮುದ್ರದ ಮೇಲೆ ಗುಂಡು ಹಾರಿಸುವ ಅಭ್ಯಾಸ ನಡೆಯುವ ದಿನ ಅಲ್ಲಿಯ ಆಕಾಶವನ್ನು ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಎಂದು ಮುಚ್ಚುತ್ತಾರೆ. ಪ್ರಯಾಣಿಕರ ವಿಮಾನ ಅದರೊಳಗೆ ಕಾಲಿಡಬಾರದು. ಆದರೆ ಮೇ ಕಳೆದು ಜೂನ್ ಹತ್ತಿರವಾದಾಗ ಮೋಡ ಈ ವೇಳಾಪಟ್ಟಿ ಓದಿಕೊಂಡು ಬರುವುದಿಲ್ಲವಲ್ಲ. ಘಟ್ಟದ ಬದಿ ಸಿಡಿಲಿನ ಮೋಡ ಒಟ್ಟಿದರೆ ವಿಮಾನಗಳು ಸಮುದ್ರದ ಬದಿಗೆ ಬಳಸಿ ಹೋಗಬೇಕು, ಹಾಗೆ ಬಳಸಲು ಮುಚ್ಚಿದ ಆಕಾಶವೇ ಬೇಕು. ಆಗ ದೂರದ ವಿಮಾನ ನಿಲ್ದಾಣದ ಕಂಟ್ರೋಲ್ ರೂಮಿನಿಂದ ಫೋನು ಬರುತ್ತದೆ. ಇಂಥ ವಿಮಾನ, ಇಷ್ಟು ಎತ್ತರ, ಇಷ್ಟು ಮೈಲು ಒಳಗೆ ಬರಬೇಕು, ಬಿಡುತ್ತೀರಾ? ಹರೀಶ ಅದನ್ನು ರಜಿಸ್ಟರಿನಲ್ಲಿ ಬರೆದು ಸಾಹೇಬರನ್ನು ಕೇಳಬೇಕು. ಸಾಹೇಬರು ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ. ಹರೀಶನ ಬಾಯಿಂದ ದಿನಕ್ಕೆ ಹತ್ತು ಅಪ್ಪಣೆ ಹೊರಡುತ್ತಿದ್ದವು, ಅವನದೆಂಬುದು ಒಂದೂ ಇರಲಿಲ್ಲ.

ಆ ಕಂಟ್ರೋಲ್ ರೂಮಿಗೆ ನಾಲ್ಕು ವರ್ಷದ ಹಿಂದೆ ವೀಣಾ ಬಂದಳು. ತೊಟ್ಟಿಲಲ್ಲಿದ್ದ ಆ ವೀಣಾಳೇ. ಯಾವ ಖಾತೆಯ ಹಂಗೂ ಇಲ್ಲದೆ, ಅಂಕೋಲೆಯ ಕಾಲೇಜಿನಲ್ಲಿ ಓದಿ, ದೇಶಕ್ಕೇ ನಡೆಯುವ ಪರೀಕ್ಷೆ ಬರೆದು ಗೆದ್ದ ಹುಡುಗಿ. ರಾಡಾರ್ ಪರದೆಯ ಮುಂದೆ ಕೂತು ವಿಮಾನಗಳಿಗೆ ದಾರಿ ಹೇಳುವ ಕೆಲಸ. ರೈಲಿನಲ್ಲಿ ನಾಲ್ಕು ತಾಸಿನ ದಾರಿ, ಆದರೂ ತಿಂಗಳಿಗೊಮ್ಮೆ ಕಾಲೊನಿಗೆ ಬರುತ್ತಿದ್ದಳು. ಬಂದವಳು ಮೊದಲು ಹರೀಶನ ಮನೆಗೇ. “ಅಣ್ಣಾ, ಮೊನ್ನೆ ಗುರುವಾರ ನಾಲ್ಕ್ ಸಲ ಕೇಳ್ದೆ, ನಾಲ್ಕ್ ಸಲವೂ ಇಲ್ಲ ಅಂದ್ಯಲಾ. ನಮ್ಮದೇ ಗದ್ದೆ ಮೇಲೆ ಹಾರೂಕೆ ನಿನ್ನ ಕೇಳ್ಬೇಕಾ?” ಎಂದು ಛೇಡಿಸುತ್ತಿದ್ದಳು. ಹರೀಶ, “ನನ್ನಲ್ಲ, ಸಾಹೇಬರನ್ನ ಕೇಳು” ಎಂದು ನಗುತ್ತಿದ್ದ. ಒಳಗೊಳಗೆ ಹೆಮ್ಮೆ ಉಕ್ಕುತ್ತಿತ್ತು. ಫೋನಿನಲ್ಲಿ ಮಾತ್ರ ಇಬ್ಬರೂ ಹಿಂದಿಯಲ್ಲಿ ಮೇಡಂ, ಸರ್ ಎನ್ನುತ್ತ ಪರಕೀಯರಂತೆ ಮಾತಾಡುತ್ತಿದ್ದರು, ಯಾಕೆಂದರೆ ಎರಡು ಕಚೇರಿಗಳ ನಡುವಿನ ಆ ಹಾಟ್‌ಲೈನಿನ ಮಾತೆಲ್ಲ ರೆಕಾರ್ಡ್ ಆಗುತ್ತಿತ್ತು.

ಹೋದ ವರ್ಷ ಮೇ ಕೊನೆಯ ವಾರ ಒಂದು ದಿನ ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಆಕಾಶ ಮುಚ್ಚಿತ್ತು. ಅಭ್ಯಾಸ ಹನ್ನೊಂದಕ್ಕೇ ಮುಗಿಯಿತು, ಬೋಟುಗಳು ಒಂದೊಂದಾಗಿ ಹಿಂದೆ ಬಂದವು. ಮುಗಿಯಿತೆಂದು ಸಾಹೇಬರು ಒಂದು ಸಹಿ ಹಾಕಿದ್ದರೆ ಆಕಾಶ ಆಗಲೇ ತೆರೆಯುತ್ತಿತ್ತು. ಸಾಹೇಬರು ಯಾರದೋ ಬೀಳ್ಕೊಡುಗೆಯ ಊಟಕ್ಕೆ ಹೋಗಿಬಿಟ್ಟಿದ್ದರು. ಹನ್ನೆರಡೂವರೆಗೆ ಘಟ್ಟದ ಬದಿ ಕಪ್ಪಾಯಿತು. ಒಂದು ಗಂಟೆಗೆ ಬಿದ್ದ ಸಿಡಿಲಿಗೆ ಹಾಟ್‌ಲೈನ್ ಸತ್ತುಹೋಯಿತು. ಒಂದು ಗಂಟೆ ಎಂಟು ನಿಮಿಷಕ್ಕೆ ಮೂಲೆಯ ಸಾದಾ ಫೋನು ಬಡಿದುಕೊಂಡಿತು. ಅದರಲ್ಲಿ ರೆಕಾರ್ಡ್ ಆಗುವ ವ್ಯವಸ್ಥೆ ಇರಲಿಲ್ಲ.

ವೀಣಾ ವಿಮಾನದ ನಂಬರು, ಎತ್ತರ, ಇಪ್ಪತ್ತು ಮೈಲು ಪಶ್ಚಿಮಕ್ಕೆ ಸರಿಯಬೇಕೆಂಬುದು, ಎಲ್ಲವನ್ನೂ ಹಿಂದಿಯಲ್ಲಿ ಹೇಳಿದಳು. ಹರೀಶ ರಜಿಸ್ಟರಿನಲ್ಲಿ ಬರೆದುಕೊಂಡ. ‘ಉತ್ತರ’ ಎಂಬ ಕೊನೆಯ ಅಂಕಣ ಖಾಲಿ ಇಟ್ಟು ಸಾಹೇಬರ ಮೊಬೈಲಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಲಿಲ್ಲ. ನಾಲ್ಕನೆಯ ನಿಮಿಷಕ್ಕೆ ವೀಣಾಳ ಹಿಂದಿ ಬಿದ್ದುಹೋಯಿತು.

“ಹರೀಶಣ್ಣಾ, ಸಾಹೇಬ್ರು ಸಿಕ್ಕಿದ್ರಾ?”

“ಎತ್ತೂದಿಲ್ಲ ಮಾರಾಯ್ತಿ. ತಡಿ, ಇನ್ನೊಂದ್ಸಲ ಹಚ್ತೆ.”

“ತಡೆಯೂಕೆ ಹೊತ್ತಿಲ್ಲ. ಎರಡು ವಿಮಾನ ವಾಪಸ್ ಕಳ್ಸ್ದೆ. ಇದ್ಕೆ ವಾಪಸ್ ಹೋಗೂವಷ್ಟು ಎಣ್ಣೆ ಇಲ್ಲ. ಮುಂದೆ ಆಲಿಕಲ್ಲಿನ ಮೋಡ ಅದೆ. ನಿಮ್ಮಲ್ಲಿ ಇನ್ನೂ ಗುಂಡು ಹಾರ್ಸ್ತಾ ಇದ್ರಾ?”

ಹರೀಶ ಕಿಟಕಿಯಿಂದ ನೋಡಿದ. ಸಮುದ್ರ ಬರಿದಾಗಿತ್ತು. ಕಟ್ಟಿದ ಬೋಟುಗಳ ಮೇಲೆ ಹುಡುಗರು ತಾಡಪತ್ರಿ ಹೊದೆಸುತ್ತಿದ್ದರು.

“ಇಲ್ಲ. ಹನ್ನೊಂದಕ್ಕೇ ಎಲ್ಲಾ ಮುಗ್ದೋಗದೆ.”

“ಹಂಗಾರೆ ಬಿಡ್ಲಾ ಅಣ್ಣಾ?”

“ಬಿಡು. ನಾ ಇದ್ನಲಾ.”

ಬೇರೆ ಯಾರಾದರೂ ಆಗಿದ್ದರೆ ವೀಣಾ ಮರುಪ್ರಶ್ನೆ ಹಾಕುತ್ತಿದ್ದಳು. ಅಪ್ಪಣೆ ಕೊಟ್ಟ ಅಧಿಕಾರಿಯ ಹೆಸರೇನು, ಹೇಳಿ, ಬರೆದುಕೊಳ್ಳುತ್ತೇನೆ ಎನ್ನುತ್ತಿದ್ದಳು. ಅವಳ ತರಬೇತಿಯ ಮೊದಲ ಪಾಠವೇ ಅದು. ಆದರೆ ಅವರ ಮನೆಗಳಲ್ಲಿ ಅಣ್ಣ ಬಿಡು ಎಂದಮೇಲೆ ‘ನಿನಗೆ ಯಾರು ಹೇಳಿದರು’ ಎಂದು ತಂಗಿ ಕೇಳುವ ರೂಢಿಯಿಲ್ಲ. ಕೇಳಿದರೆ ಅದು ಮುಖಕ್ಕೆ ಹೊಡೆದ ಹಾಗೆ. ಅವಳು ಕೇಳಲಿಲ್ಲ. ತನ್ನ ಪುಸ್ತಕದಲ್ಲಿ ‘ಒಂದು ಗಂಟೆ ಹನ್ನೆರಡು ನಿಮಿಷ, ಅನುಮತಿ ಬಂತು’ ಎಂದು ಬರೆದು ಪೈಲಟ್‌ಗೆ ಪಶ್ಚಿಮಕ್ಕೆ ತಿರುಗಲು ಹೇಳಿದಳು. ಹರೀಶ ಜೀವಮಾನದಲ್ಲಿ ಕೊಟ್ಟ ಸ್ವಂತ ಅಪ್ಪಣೆ ಅದೊಂದೇ, ಮತ್ತು ಅದು ಸರಿಯಾದ ಅಪ್ಪಣೆಯಾಗಿತ್ತು. ನೂರಾ ಎಪ್ಪತ್ತು ಜನ ಕ್ಷೇಮವಾಗಿ ಇಳಿದು, ಚೀಲ ಬರಲು ತಡವಾಯಿತೆಂದು ಗೊಣಗುತ್ತ ಮನೆಗೆ ಹೋದರು.

ಸಾಹೇಬರು ಎರಡೂವರೆಗೆ ಬಂದರು. ಅಷ್ಟರಲ್ಲಿ ಮುಚ್ಚಿದ ಆಕಾಶದಲ್ಲಿ ವಿಮಾನವೊಂದು ಹಾದುಹೋದದ್ದು ಮೇಲಿನವರ ಪರದೆಯಲ್ಲಿ ಕಂಡು, ಮೇಲಿನವರು ಸಾಹೇಬರಿಗೆ ಫೋನು ಮಾಡಿಯಾಗಿತ್ತು. ಸಾಹೇಬರ ಮುಖ ಬಿಳಿಚಿತ್ತು. ಆ ಹೊತ್ತಿಗೆ ತಾನು ಕುರ್ಚಿಯಲ್ಲಿರಲಿಲ್ಲ ಎಂಬುದು ಹೊರಬಂದರೆ ತನ್ನ ಕಥೆ ಏನೆಂದು ಅವರಿಗೆ ಗೊತ್ತಿತ್ತು. ರಜಿಸ್ಟರು ತೆಗೆದು ಖಾಲಿ ಅಂಕಣದ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. “ನೀನು ಬಿಟ್ಟೆಯೋ, ಅವರೇ ನುಗ್ಗಿದರೋ? ನೀನು ಬಿಟ್ಟಿದ್ದರೆ ನಾಳೆಯಿಂದ ಗೇಟಿನೊಳಗೆ ಕಾಲಿಡುವುದಿಲ್ಲ. ಏನಾಯಿತೋ ಅದನ್ನೇ ಬರಿ.” ಇಷ್ಟು ಹೇಳಿ ತಮ್ಮ ಜೇಬಿನ ಪೆನ್ನು ತೆಗೆದುಕೊಟ್ಟರು. ಸುಳ್ಳು ಬರೆ ಎಂದು ಅವರೂ ಹೇಳಲಿಲ್ಲ. ದೊಡ್ಡವರು ಹಾಗೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ.

ಹರೀಶನ ಕಣ್ಣೆದುರು ಗೇಟು ಬಂತು, ಪಾಸು ಬಂತು, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಬಂದರು, ಪೀಪಾಯಿಗಳ ಪಕ್ಕದ ಜಟಗನೂ ಬಂದ. ತಾನು ಹೋದರೆ ಕಾಲೊನಿಯಿಂದ ಜಟಗನಿಗೆ ಹೂವು ಒಯ್ಯುವವರು ಯಾರು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ತನ್ನ ಹೆದರಿಕೆಗೆ ದೇವರ ಹೆಸರು ಸಿಕ್ಕಿತಲ್ಲ ಎಂಬ ಸಮಾಧಾನವೂ ಆಯಿತು. ಖಾಲಿ ಅಂಕಣದಲ್ಲಿ ‘ಕಾಯಲು ತಿಳಿಸಲಾಗಿದೆ’ ಎಂದು ಬರೆದ. ಅಕ್ಷರಗಳು ದುಂಡಗೆ ಬಂದವು.

ಸಂಜೆ ಹೆಂಡತಿ ಪೂರ್ಣಿಮಾಳಿಗೆ ಎಲ್ಲ ಹೇಳಿದ. ಅವಳು ಮೀನು ತೊಳೆಯುತ್ತಿದ್ದ ಕೈಯನ್ನು ಹಾಗೇ ಹಿಡಿದು ಕೇಳಿ, “ಖರೆ ಹೇಳೂದಾದ್ರೆ ನಾಳೆ ಬೆಳಿಗ್ಗೆನೇ ಹೋಗಿ ಹೇಳಿ. ದಿನ ಹೋದಂಗೆ ಆಗೂದಿಲ್ಲ” ಎಂದಳು. ಅವನು ನೋಡುವಾ ಎಂದ. ಬೆಳಿಗ್ಗೆ ಎದ್ದು ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ವಾರ ಕಳೆದಮೇಲೆ ವೀಣಾಳ ಫೋನು ಬಂತು. ವಿಚಾರಣೆಗೆ ಕರೆದಿದ್ದಾರೆ ಎಂದಳು, ದನಿಯಲ್ಲಿ ಹೆದರಿಕೆಯಿರಲಿಲ್ಲ. “ಅಣ್ಣಾ, ನೀ ಬುಕ್ಕಲ್ಲಿ ಬರ್ದಿದ್ಯಲಾ?”

“ಬರ್ದಿದ್ದೆ” ಎಂದ ಹರೀಶ.

“ಹಂಗಾರೆ ಸಾಕು” ಎಂದು ಅವಳು ಫೋನಿಟ್ಟಳು.

ವಿಚಾರಣೆ ನಡೆದದ್ದು ವಿಮಾನ ನಿಲ್ದಾಣದಲ್ಲಿ. ವಿಮಾನದ ಹರೀಶ ನೆಲದ ಮೇಲೆ ನಿಂತ ವಿಮಾನವನ್ನು ಮೊದಲ ಬಾರಿ ಕಂಡದ್ದು ಅಂದೇ. ಇಸ್ತ್ರಿ ಅಂಗಿ ತೊಟ್ಟು ಕಿಟಕಿಯ ಪಕ್ಕ ನಿಂತು ನೋಡಿದ, ಇಷ್ಟೇನಾ ಅನ್ನಿಸಿತು. ಒಳಗೆ ಮೂವರು ಅಧಿಕಾರಿಗಳು ಕೂತಿದ್ದರು, ಎದುರಿಗೆ ಎರಡು ಪುಸ್ತಕಗಳನ್ನು ತೆರೆದಿಟ್ಟಿದ್ದರು. ಒಂದರಲ್ಲಿ ಅನುಮತಿ ಬಂತು, ಇನ್ನೊಂದರಲ್ಲಿ ಕಾಯಲು ತಿಳಿಸಲಾಗಿದೆ.

ವೀಣಾ ಎರಡನೆಯ ಪುಸ್ತಕವನ್ನು ಕಂಡದ್ದು ಆಗಲೇ. ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ತಲೆಯೆತ್ತಿ ಹರೀಶನನ್ನು ನೋಡಿದಳು. ಸಿಟ್ಟಿರಲಿಲ್ಲ, ಸುಮ್ಮನೆ ಕಾಯುತ್ತಿದ್ದಳು, ಈಗ ಅಣ್ಣ ಏನೋ ಹೇಳುತ್ತಾನೆ ಎಂದು.

ಹರೀಶ ತನ್ನ ಚಪ್ಪಲಿ ನೋಡಿದ.

“ಯಾರು ಅನುಮತಿ ಕೊಟ್ಟರು? ಹೆಸರು ಹೇಳಿ” ಎಂದು ಅಧಿಕಾರಿ ಅವಳನ್ನು ಕೇಳಿದರು.

“ಆಚೆಯವರು ಒಪ್ಪಿದರು” ಎಂದಳು. “ಹೆಸರು ಕೇಳಲಿಲ್ಲ. ತಪ್ಪು ನನ್ನದು.”

ಅವರು ಹರೀಶನತ್ತ ತಿರುಗಿದರು. ನೀವು ಬಿಡಿ ಎಂದಿರಾ? ಇಲ್ಲ ಸಾರ್, ಕಾಯಲು ಹೇಳಿದೆ. ಇವರ ಪರಿಚಯ ಉಂಟೇ? ಫೋನಿನಲ್ಲಿ ದನಿ ಕೇಳಿದ್ದೇನೆ ಸಾರ್, ಅಷ್ಟೇ. ಇಬ್ಬರ ಹೆಸರಿನ ಮುಂದೂ ಗೌಡ ಎಂದಿದ್ದುದು ಯಾರಿಗೂ ವಿಶೇಷವೆನಿಸಲಿಲ್ಲ, ನಮ್ಮ ಕಡೆ ಸಾವಿರಾರು ಗೌಡರಿದ್ದಾರೆ. ವೀಣಾ ಆಗ ಬಾಯಿಬಿಟ್ಟಿದ್ದರೆ, ಇವನು ನನ್ನ ದೊಡ್ಡಪ್ಪನ ಮಗ ಎಂದು ಒಂದೇ ಮಾತು ಅಂದಿದ್ದರೆ, ಹರೀಶನ ಸುಳ್ಳು ಆ ಮೇಜಿನ ಮೇಲೆಯೇ ಒಡೆಯುತ್ತಿತ್ತು. ಅವಳು ಅನ್ನಲಿಲ್ಲ. ಆ ನೌಕರಿ ಹೋದರೆ ಏನೇನು ಹೋಗುತ್ತದೆಂದು ಅವಳಿಗೂ ಗೊತ್ತಿತ್ತು, ಅವಳೂ ಅದೇ ಕಾಲೊನಿಯ ಮಗಳು.

ಕೊನೆಗೆ ಅವಳ ಮೇಲೆ ಬಂದ ಆರೋಪ ಕೇಳಿದರೆ ಹೊಟ್ಟೆ ಉರಿಯುತ್ತದೆ. ಎಣ್ಣೆ ಸಾಲದ ವಿಮಾನಕ್ಕೆ ‘ತುರ್ತು’ ಎಂದು ಬರೆದಿದ್ದರೆ ಯಾರ ಅನುಮತಿಯೂ ಬೇಕಿರಲಿಲ್ಲ, ಅವಳನ್ನು ಕೇಳುವವರೂ ಇರಲಿಲ್ಲ. ಅಣ್ಣನ ಮಾತು ಕೈಯಲ್ಲಿದ್ದದ್ದರಿಂದ ಅವಳು ಆ ದಾರಿಗೆ ಹೋಗಲೇ ಇಲ್ಲ. ಬಾರದ ಅನುಮತಿಯನ್ನು ಬಂತೆಂದು ಬರೆದಿದ್ದಾಳೆ, ಸುಳ್ಳು ಬರೆದಿದ್ದಾಳೆ ಎಂದು ತೀರ್ಮಾನವಾಯಿತು. ಪರದೆಯ ಮುಂದೆ ಕೂರುವ ಪರವಾನಗಿ ಕಿತ್ತುಕೊಂಡು, ಉತ್ತರದ ಯಾವುದೋ ಊರಿನ ಕಚೇರಿಗೆ ಕಡತ ಜೋಡಿಸಲು ವರ್ಗ ಮಾಡಿದರು. ಸುಳ್ಳು ಬರೆದವನು ಸೋಮವಾರ ಎಂದಿನಂತೆ ಗೇಟಿನಲ್ಲಿ ಪಾಸು ತೋರಿಸಿ ಒಳಗೆ ಹೋದ.

ಹೊಸ ಊರಿಗೆ ಹೊರಡುವ ಮೊದಲು ವೀಣಾ ನಾಲ್ಕು ದಿನ ಕಾಲೊನಿಯಲ್ಲಿದ್ದಳು. ಹರೀಶನ ಮನೆಗೆ ಬರಲಿಲ್ಲ. ನಾಲ್ಕನೆಯ ದಿನ ಅಮಾವಾಸ್ಯೆ. ಬೆಳಿಗ್ಗೆ ಹರೀಶ ಬೈಕು ಒರೆಸುತ್ತಿದ್ದಾಗ ಮಂಜಿ ಬಂದಳು, ಮಡಿಲಲ್ಲಿ ಜುಟ್ಟಿನ ಕಾಯಿ.

“ತಮ್ಮಾ, ಇದು ಜಟಗಗೆ” ಎಂದಳು. “ಹರಕೆ ಅಲ್ಲ, ದೂರು.”

ಹರೀಶನ ಕೈಯ ಬಟ್ಟೆ ನಿಂತಿತು. “ಎಂತಾ ದೂರು ಚಿಕ್ಕಿ?”

“ಫೋನಲ್ಲಿ ಬಿಡು ಅಂದವ್ರೇ ಬುಕ್ಕಲ್ಲಿ ಇಲ್ಲ ಅಂತ ಬರ್ದ್ರಂತೆ. ಯಾರೇ ಅವ್ರು ಅಂದ್ರೆ ವೀಣಾ ಹೆಸ್ರೇ ಹೇಳೂದಿಲ್ಲ. ನಿಮ್ಮ ಒಳಗೆ ಫೋನ್ ಎತ್ತೂವವ್ರು ನೂರಾರು ಜನ, ನಿಂಗಾದ್ರೂ ಹೆಂಗೆ ಗೊತ್ತಾಗ್ಬೇಕು? ಜಟಗಗೆ ಗೊತ್ತದೆ.” ಕಾಯಿಯನ್ನು ಅವನ ಎರಡೂ ಕೈಯಲ್ಲಿಟ್ಟಳು. “ಹಿಂಗೇ ಹೇಳ್ಬೇಕು ನೋಡು, ಒಂದ್ ಮಾತೂ ಬಿಡೂದಲ್ಲ. ನನ್ನ ಮಗಳ ಮೇಲೆ ಸುಳ್ಳು ಬರ್ದ ಕೈ ಒಣಗ್ಲಿ. ಆ ಮನೆ ಒಲೆ ಆರ್ಲಿ. ಅವ್ರ ಮಕ್ಳು ಕೇಳ್ದಾಗ ಬಾಯಿ ಬರ್ದೇ ಹೋಗ್ಲಿ.”

ಬಾಗಿಲಲ್ಲಿ ನಿಂತಿದ್ದ ಪೂರ್ಣಿಮಾ ಇದನ್ನೆಲ್ಲ ಕೇಳಿಸಿಕೊಂಡಳು. ತಿರುಗಿ ಒಳಗೆ ಹೋದಳು. ಹರೀಶ ಕಾಯಿಯನ್ನು ಚೀಲಕ್ಕೆ ಹಾಕಿಕೊಂಡ. ಬೇರೆ ಏನು ಮಾಡಿಯಾನು?

ಮಧ್ಯಾಹ್ನ ಉಗ್ರಾಣದ ಹಿಂದೆ ಎಲ್ಲರ ಹೂವು ಇಟ್ಟ, ಎಲ್ಲರ ಕಷ್ಟ ಒಪ್ಪಿಸಿದ. ಜ್ವರ ಹೇಳಿದ, ಸೊಸೆಯ ಮುನಿಸು ಹೇಳಿದ. ಕೊನೆಗೆ ಮಂಜಿಯ ಕಾಯಿ ತೆಗೆದ. “ಜಟಗಾ, ಮಂಜಿಯ ಮಗಳ ಮೇಲೆ” ಎಂದು ಶುರುಮಾಡಿದ. ಮುಂದೆ ಬರಲಿಲ್ಲ. ತಪ್ಪಾಯಿತು ಎಂದಾದರೂ ಹೇಳಬಹುದಿತ್ತು, ಅಲ್ಲಿ ಕೇಳುವವರು ಯಾರೂ ಇರಲಿಲ್ಲ, ಅದನ್ನೂ ಹೇಳಲಿಲ್ಲ. ಒಲೆ ಆರಲಿ ಎಂಬುದರ ಮೇಲೆಯೇ ಅವನ ಮನಸ್ಸು ಕೂತಿತ್ತು. ಕಾಯಿಯನ್ನು ಒಡೆಯದೆ ಮತ್ತೆ ಚೀಲಕ್ಕೆ ಹಾಕಿದ.

ಆದರೆ ದೂರಿನ ಕಾಯಿಯನ್ನು ಎರಡು ಹೋಳು ಮಾಡಿದಮೇಲೆ ಒಂದು ಕಡಿ ದೇವರಲ್ಲೇ ಉಳಿದು ಇನ್ನೊಂದು ಕಡಿ ಕೊಟ್ಟವರ ಮನೆಗೆ ಹಿಂದೆ ಬರಬೇಕು. ಬರಿಗೈಯಲ್ಲಿ ಹೋದರೆ ಮಂಜಿ ಬಿಡುವವಳಲ್ಲ. ಬರುವಾಗ ಹೆದ್ದಾರಿಯ ಅಂಚಿನಲ್ಲಿ ಬೈಕು ನಿಲ್ಲಿಸಿ, ಮೈಲಿಗಲ್ಲಿಗೆ ಕಾಯಿ ಕುಕ್ಕಿ ಒಡೆದ. ನೀರು ಟಾರಿನ ಮೇಲೆ ಹರಿಯಿತು. ಒಂದು ಕಡಿಯನ್ನು ಗಟಾರಕ್ಕೆ ಎಸೆದು ಇನ್ನೊಂದನ್ನು ಬಾಳೆಲೆಯಲ್ಲಿ ಸುತ್ತಿಕೊಂಡ.

ಮಂಜಿಯ ಜಗುಲಿಯಲ್ಲಿ ವೀಣಾ ರೈಲಿಗೆ ಹೊರಟು ಕೂತಿದ್ದಳು, ಪಕ್ಕದಲ್ಲಿ ಎರಡು ಚೀಲ. ರೈಲಿಗೆ ಇನ್ನೂ ಒಂದು ತಾಸಿತ್ತು.

“ಹೇಳ್ದ್ಯಾ ತಮ್ಮಾ?” ಎಂದಳು ಮಂಜಿ.

“ಹೇಳ್ದೆ ಚಿಕ್ಕಿ.”

“ಪೂರಾ?”

“ಪೂರಾ.”

ಮಂಜಿ ಎರಡೂ ಕೈಯೊಡ್ಡಿ ಕಡಿಯನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿತು. ಇನ್ನು ತನ್ನ ಮಗಳ ಚಿಂತೆ ಜಟಗನದು ಎಂಬ ನೆಮ್ಮದಿ ಅವಳಿಗೆ. ಚೂರು ಮಾಡಲು ಕತ್ತಿ ತರಲು ಎದ್ದಳು.

“ಚೂರು ಮಾಡೂದು ಬೇಡ ಅವ್ವಿ” ಎಂದಳು ವೀಣಾ. ವಿಚಾರಣೆಯ ದಿನದಿಂದ ಹರೀಶ ಅವಳ ದನಿ ಕೇಳಿದ್ದು ಇದೇ ಮೊದಲು. “ಅಣ್ಣಗೇ ಕೊಡು. ಒಳಗೆ ಹೋಗಿ ಅಷ್ಟೆಲ್ಲಾ ಹೇಳ್ಬಂದವ ಅವ್ನೇ. ಪೂರಾ ಅವ್ನೇ ತಿನ್ಲಿ.”

“ಹೌದು ಖರೆ” ಎಂದು ಮಂಜಿ ಕಡಿಯನ್ನು ಹರೀಶನ ಕೈಗೆ ಕೊಟ್ಟಳು. “ತಿನ್ನು ತಮ್ಮಾ. ನಿನ್ನಂಥವ ಒಬ್ಬ ಒಳಗೆ ಇರೂದಕ್ಕೆ ನಮ್ಗೆಲ್ಲಾ ಧೈರ್ಯ.”

ಹರೀಶ ಜಗುಲಿಯ ಮೆಟ್ಟಿಲ ಮೇಲೆ ಕೂತು ಕಚ್ಚಿದ. ಕಾಯಿ ಚೆನ್ನಾಗಿ ಬಲಿತದ್ದು, ಸಿಹಿಯಾಗಿಯೇ ಇತ್ತು. ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ, ಕೈ ಒಣಗಲಿಲ್ಲ, ಏನೂ ಆಗಲಿಲ್ಲ. ಅರ್ಧ ಕಾಯಿ ಜಗಿದು ಮುಗಿಸಲು ಹೊತ್ತು ಹಿಡಿಯುತ್ತದೆ. ವೀಣಾ ಕುರ್ಚಿಯನ್ನು ಎಳೆದುಕೊಂಡು ಅವನ ಎದುರಿಗೇ ಕೂತು, ಅವನು ತಿಂದು ಮುಗಿಸುವವರೆಗೂ ನೋಡಿದಳು.